ಕಣ್ಣಿನ ಪರದೆಗೆ ಬೆಲ್ಟೋ, ಗ್ಯಾಸೋ, ಎಣ್ಣೆಯೋ?

ಕಣ್ಣಿನ ಹಿಂಭಾಗದ ಆಪರೇಷನ್ ಬಗ್ಗೆ ಕರಾವಳಿಯ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ವಾರ ಉತ್ತರಿಸುತ್ತಿದ್ದೇನೆ. ಅದಕ್ಕೂ ಮೊದಲು ಒಂದು ಮಾತು. ನಮ್ಮ ಕಡೆ ‘ಪೊರೆ’ ಮತ್ತು ‘ಪರದೆ’ ಮಾತಿನಲ್ಲಿ ಕಲಸಿಹೋಗುತ್ತವೆ. ಪೊರೆ ಅಂದರೆ ಕಣ್ಣಿನ ಮುಂಭಾಗದ ಲೆನ್ಸ್ ಮಂಜಾಗುವುದು. ಪರದೆ ಅಂದರೆ ರೆಟಿನಾ. ಕಣ್ಣಿನ ಒಳಗೋಡೆಗೆ ಹಿಂದಿನಿಂದ ಅಂಟಿಕೊಂಡಿರುವ, ಕಾಲು ಮಿಲಿಮೀಟರ್ ದಪ್ಪದ ತೆಳು ಪದರ ಅದು. ಪೊರೆಯ ಆಪರೇಷನ್ ನಾಲ್ಕು ತಿಂಗಳು ಮುಂದೆ ಹೋದರೂ ಸಾಮಾನ್ಯವಾಗಿ ನಡೆಯುತ್ತದೆ. ಪರದೆ ಬಿಟ್ಟುಕೊಂಡರೆ ದಿನದ ಲೆಕ್ಕ, ಕೆಲವೊಮ್ಮೆ ಗಂಟೆಯ ಲೆಕ್ಕ. “ಪೊರೆ ಇರಬೇಕು, ಮಳೆ ಬಿಟ್ಟ ಮೇಲೆ ತೋರಿಸುವ” ಎಂದು ಕಾದು ಬಂದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆ ಕಾಯುವಿಕೆಯಲ್ಲಿ ಹೋದ ದೃಷ್ಟಿಯನ್ನು ಯಾವ ಮೆಷಿನ್ನೂ ಪೂರ್ತಿ ವಾಪಸ್ ತರುವುದಿಲ್ಲ.

ಪ್ರಶ್ನೆ: ಮಗಳಿಗೆ 23 ವರ್ಷ, ಮಣಿಪಾಲದಲ್ಲಿ ಓದುತ್ತಿದ್ದಾಳೆ. ಮೈನಸ್ ಎಂಟರ ಕನ್ನಡಕ. ಕನ್ನಡಕ ಬದಲಿಸಲು ಹೋದಾಗ ಒಂದು ಕಣ್ಣಿನ ಪರದೆ ಕೆಳಭಾಗದಲ್ಲಿ ಬಿಟ್ಟಿದೆ ಎಂದು ಗೊತ್ತಾಯಿತು. ಡಾಕ್ಟರು ಬೆಲ್ಟ್ ಹಾಕಬೇಕು ಅಂದರು. ಅದು ಹಳೇ ಕಾಲದ ಆಪರೇಷನ್, ಈಗ ಎಲ್ಲ ಕಡೆ ಸಣ್ಣ ತೂತಿನ ವಿಟ್ರೆಕ್ಟಮಿ (ಕಣ್ಣೊಳಗಿನ ಜೆಲ್ಲಿ ತೆಗೆಯುವ ಆಪರೇಷನ್) ಮಾಡುತ್ತಾರೆ ಎನ್ನುತ್ತಾರೆ ನೆಂಟರು. ಏನು ಮಾಡಲಿ? (ಉಡುಪಿ)

ಡಾಕ್ಟರ ಮಾತು ಕೇಳಿ. ನೀವು ಬರೆದದ್ದನ್ನು ನೋಡಿದರೆ ನಾನೂ ಬೆಲ್ಟನ್ನೇ ಹೇಳುತ್ತಿದ್ದೆ.

ಕಾರಣ ತಿಳಿಯಬೇಕಾದರೆ ಪರದೆ ಯಾಕೆ ಬಿಡುತ್ತದೆ ಎಂಬುದು ಗೊತ್ತಿರಬೇಕು. ಮಳೆಗಾಲದಲ್ಲಿ ಗೋಡೆಯ ಬಣ್ಣ ಉಬ್ಬಿ ಬರುವುದನ್ನು ನೋಡಿರುತ್ತೀರಿ. ಎಲ್ಲೋ ಒಂದು ಸಣ್ಣ ಬಿರುಕು, ಅದರ ಮೂಲಕ ನೀರು, ಆಮೇಲೆ ಬಣ್ಣದ ಪದರವೇ ಎದ್ದು ನಿಲ್ಲುತ್ತದೆ. ಪರದೆಯದ್ದೂ ಹಾಗೆಯೇ. ಅದರಲ್ಲಿ ಒಂದು ತೂತು ಬೀಳುತ್ತದೆ, ಕಣ್ಣೊಳಗಿನ ನೀರು ಅದರ ಹಿಂದೆ ಸೇರುತ್ತದೆ, ಪದರ ಎದ್ದುಬರುತ್ತದೆ. ತೂತು ಮುಚ್ಚಿದರೆ ಮಾತ್ರ ಪರದೆ ಕೂರುತ್ತದೆ ಎಂದು 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಜೂಲ್ಸ್ ಗೋನಿನ್ ಮಾಡಿ ತೋರಿಸಿದರು. ಅದಕ್ಕೆ ಮೊದಲು ಈ ಕಾಯಿಲೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಕುರುಡಾಗುತ್ತಿದ್ದರು. ಬೆಲ್ಟ್, ವಿಟ್ರೆಕ್ಟಮಿ, ಗ್ಯಾಸ್, ಎಣ್ಣೆ ಎಲ್ಲವೂ ಅದೇ ಒಂದು ತೂತನ್ನು ಮುಚ್ಚುವ ಬೇರೆ ಬೇರೆ ದಾರಿಗಳು.

ಬೆಲ್ಟ್ ಹಾಕುವಾಗ ನಾವು ಕಣ್ಣಿನ ಒಳಗೆ ಕೈ ಹಾಕುವುದೇ ಇಲ್ಲ. ಬಿಳಿಗುಡ್ಡೆಯ ಹೊರಗಿನಿಂದ, ಕಣ್ಣು ತಿರುಗಿಸುವ ಸ್ನಾಯುಗಳ ಅಡಿಯಲ್ಲಿ ಸಿಲಿಕೋನ್ ಪಟ್ಟಿ ತೂರಿಸಿ ಹೊಲಿಯುತ್ತೇವೆ. ಹೊಲಿಯುವ ಮೊದಲು ಥಿಯೇಟರಿನ ಲೈಟ್ ಆರಿಸಿ, ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ, ಕೈಯಲ್ಲಿ ಒಂದು ಲೆನ್ಸ್ ಹಿಡಿದು ಒಳಗೆ ನೋಡುತ್ತೇವೆ. ಬಿಟ್ಟುಕೊಂಡ ಪರದೆ ಬೂದು ಬಣ್ಣಕ್ಕೆ ತಿರುಗಿ, ಕಣ್ಣು ಅಲುಗಿದಾಗ ಒಗೆದು ಹರಡಿದ ತೆಳು ಬಟ್ಟೆಯ ಹಾಗೆ ತೊನೆಯುತ್ತಿರುತ್ತದೆ. ಅದರಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಅದೇ ತೂತು. ಹೊರಗಿನಿಂದ ಅಲ್ಲಿಗೇ ಕ್ರಯೋ, ಅಂದರೆ ಹೆಪ್ಪುಗಟ್ಟಿಸುವಷ್ಟು ತಣ್ಣಗಿನ ಕಡ್ಡಿ, ಮುಟ್ಟಿಸಿದಾಗ ಚುಕ್ಕೆಯ ಸುತ್ತ ಹಿಮದ ಹಾಗೆ ಬಿಳಿಯಾಗುತ್ತದೆ. ಪಟ್ಟಿ ಬಿಗಿದಾಗ ಗೋಡೆಯೇ ಒಳಕ್ಕೆ ತಗ್ಗಿ ಬಂದು ತೂತಿಗೆ ಒತ್ತಿಕೊಳ್ಳುತ್ತದೆ. ಉಳಿದ ನೀರನ್ನು ಸ್ವಲ್ಪ ನಾವು ಹೊರಬಿಡುತ್ತೇವೆ, ಇಲ್ಲವೇ ಕಣ್ಣೇ ಕೆಲವು ದಿನಗಳಲ್ಲಿ ಹೀರಿಕೊಳ್ಳುತ್ತದೆ. ಇಷ್ಟು ವರ್ಷ ಮಾಡಿದ ಮೇಲೂ ಆ ಚುಕ್ಕೆ ಪಟ್ಟಿಯ ಏರಿನ ಮೇಲೆ ಸರಿಯಾಗಿ ಬಂದು ಕೂತಾಗ ನನಗೆ ಆಗುವ ಸಮಾಧಾನ ಬೇರೆ ಯಾವ ಆಪರೇಷನ್ನಲ್ಲೂ ಆಗುವುದಿಲ್ಲ.

ನಿಮ್ಮ ಮಗಳ ವಯಸ್ಸಿನಲ್ಲಿ ಕಣ್ಣೊಳಗಿನ ಜೆಲ್ಲಿ ಎಳೆ ಬೊಂಡದ ಲೋಳೆಯ ಹಾಗೆ ಗಟ್ಟಿಯಾಗಿ ಪರದೆಗೆ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ಬಿಡಿಸಿ ತೆಗೆಯುವುದು ಕಷ್ಟ, ತೆಗೆಯಲು ಹೋಗಿ ಹೊಸ ತೂತು ಬೀಳಬಹುದು. ಅವಳ ಲೆನ್ಸ್ ಇನ್ನೂ ತಿಳಿಯಾಗಿದೆ. ವಿಟ್ರೆಕ್ಟಮಿ ಮಾಡಿದ ಕಣ್ಣಿಗೆ ಪೊರೆ ಬೇಗ ಬರುತ್ತದೆ. ಇನ್ನೊಂದು ಮುಖ್ಯ ವಿಷಯ: ವಿಟ್ರೆಕ್ಟಮಿ ಆದ ಮೇಲೆ ತೂತು ಒತ್ತಿ ಹಿಡಿಯಲು ಹಾಕುವ ಗ್ಯಾಸ್ ಯಾವಾಗಲೂ ಮೇಲಕ್ಕೆ ತೇಲುತ್ತದೆ. ತೂತು ಕೆಳಗಿದ್ದರೆ, ಕೂತಾಗ ನಿಂತಾಗ ಗ್ಯಾಸ್ ಅಲ್ಲಿಗೆ ತಲುಪುವುದೇ ಇಲ್ಲ. ಬೆಲ್ಟಿಗೆ ಮೇಲೆ ಕೆಳಗೆ ಎಂಬುದಿಲ್ಲ.

ತೊಂದರೆಗಳೂ ಇವೆ, ಅದನ್ನೂ ಹೇಳಬೇಕು. ಮೊದಲ ವಾರ ನೋವು, ಊತ ಜಾಸ್ತಿ. ಸುತ್ತಲೂ ಪಟ್ಟಿ ಹಾಕಿದರೆ ಕಣ್ಣು ಸ್ವಲ್ಪ ಉದ್ದವಾಗಿ ಕನ್ನಡಕದ ಮೈನಸ್ ನಂಬರ್ ಏರುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಒಂದು ವಸ್ತು ಎರಡಾಗಿ ಕಾಣುತ್ತದೆ. ಆದರೂ 23ರ ಹುಡುಗಿಗೆ ಅವಳದೇ ಲೆನ್ಸ್ ಉಳಿಯುವುದು ದೊಡ್ಡ ಲಾಭ. ಈ ಆಪರೇಷನ್ 1950ರ ದಶಕದಿಂದ ಇದೆ, ನಿಜ. ಆದರೆ ಇಂಥ ಕಣ್ಣಿಗೆ ಇವತ್ತಿಗೂ ಅದೇ ಒಳ್ಳೆಯದು. ಈಗ ಕಲಿಯುವ ಹುಡುಗರಿಗೆ ಬೆಲ್ಟಿನ ಅಭ್ಯಾಸ ತಪ್ಪಿಹೋಗುತ್ತಿದೆ ಎಂಬುದೇ ನನ್ನ ಚಿಂತೆ. ನಿಮ್ಮ ಡಾಕ್ಟರು ಅದನ್ನು ಮಾಡುತ್ತೇನೆ ಅಂದರೆ ಅದು ನಿಮಗೆ ಒಳ್ಳೆಯ ಸುದ್ದಿ.

ಹಾಂ, ಅವಳ ಇನ್ನೊಂದು ಕಣ್ಣನ್ನೂ ಹನಿ ಹಾಕಿ ಅಂಚಿನವರೆಗೆ ನೋಡಿಸಿ. ಅದನ್ನು ಮರೆಯಬೇಡಿ.

ಪ್ರಶ್ನೆ: ತಂದೆಗೆ 66 ವರ್ಷ. ಎರಡು ವರ್ಷದ ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೇವೆ. ನಿನ್ನೆಯಿಂದ ಕೆಳಗಿನಿಂದ ನೆರಳು ಏರುತ್ತಿದೆ ಅನ್ನುತ್ತಾರೆ. ನೇರ ನೋಡಿದರೆ ಇನ್ನೂ ಓದಲು ಬರುತ್ತದೆ. ಇವರಿಗೂ ಬೆಲ್ಟ್ ಸಾಕಾ? ಬೆಂಗಳೂರಿಗೆ ಕರೆದುಕೊಂಡು ಹೋಗುವುದು ಒಳ್ಳೆಯದಾ? (ಕುಂದಾಪುರ)

ಈ ಪ್ರಶ್ನೆಗೆ ನಾನು ಅದೇ ದಿನ ಫೋನಿನಲ್ಲಿ ಉತ್ತರ ಕೊಟ್ಟೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಕಾಯಿಲೆ ಅದಲ್ಲ. ಬೇರೆಯವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ನೆರಳು ಕೆಳಗಿನಿಂದ ಏರುತ್ತಿದೆ ಅಂದರೆ ಪರದೆ ಮೇಲಿನಿಂದ ಬಿಡುತ್ತಿದೆ ಅಂತ ಅರ್ಥ. ನೀರು ಕೆಳಕ್ಕೆ ಇಳಿಯುತ್ತದೆ, ಹಾಗಾಗಿ ನಡುವಿನ ಮ್ಯಾಕ್ಯುಲಾ ಮುಟ್ಟಲು ಜಾಸ್ತಿ ಹೊತ್ತು ಬೇಡ. ಓದುವುದು, ಮುಖ ಗುರುತಿಸುವುದು ಎಲ್ಲ ಆ ಮ್ಯಾಕ್ಯುಲಾದಲ್ಲಿ. ಅದು ಅಂಟಿಕೊಂಡಿರುವಾಗಲೇ ಆಪರೇಷನ್ ಆದರೆ ಈಗಿರುವ ಓದುವ ದೃಷ್ಟಿ ಉಳಿಯುತ್ತದೆ. ಬಿಟ್ಟ ಮೇಲೆ ಮಾಡಿದರೆ ಪರದೆ ಕೂರಬಹುದು, ದೃಷ್ಟಿ ಮೊದಲಿನಂತೆ ಬರುವುದು ಕಷ್ಟ. ಹಾಗಾಗಿ ಇವತ್ತು, ತಪ್ಪಿದರೆ ನಾಳೆ.

ಯಾವ ಆಪರೇಷನ್ ಎಂದರೆ, ನಿಮ್ಮ ತಂದೆಗೆ ವಿಟ್ರೆಕ್ಟಮಿ. ಕರಿಗುಡ್ಡೆಯ ಅಂಚಿನಿಂದ ಮೂರೂವರೆ ಮಿಲಿಮೀಟರ್ ಹಿಂದೆ ಮೂರು ಸಣ್ಣ ತೂತು ಮಾಡುತ್ತಾರೆ. ಒಂದರಲ್ಲಿ ನೀರು ಹೋಗುತ್ತದೆ, ಒಂದರಲ್ಲಿ ದೀಪ, ಇನ್ನೊಂದರಲ್ಲಿ ಜೆಲ್ಲಿ ಕತ್ತರಿಸಿ ಹೀರುವ ಕಟರ್. ಪರದೆಯನ್ನು ಎಳೆಯುತ್ತಿದ್ದ ಜೆಲ್ಲಿ ತೆಗೆದು, ಹಿಂದೆ ಸೇರಿದ ನೀರು ಹೀರಿ, ತೂತಿನ ಸುತ್ತ ಲೇಸರ್ ಕೊಟ್ಟು, ಗ್ಯಾಸ್ ತುಂಬಿಸುತ್ತಾರೆ. ಲೆನ್ಸ್ ಹಾಕಿದ ಕಣ್ಣಲ್ಲಿ ತೂತುಗಳು ತುಂಬಾ ಸಣ್ಣವು, ಅಂಚಿನಲ್ಲಿ ಅಡಗಿರುತ್ತವೆ. ಹೊರಗಿನಿಂದ ಹುಡುಕಿದರೆ ಒಂದೆರಡು ತಪ್ಪಿಹೋಗಬಹುದು. ಒಳಗಿನಿಂದ ನೋಡಿದರೆ ಸಿಗುತ್ತವೆ. ಪೊರೆ ಬರುವ ಹೆದರಿಕೆಯೂ ಇಲ್ಲ, ತೆಗೆದಾಗಿದೆ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಯುರೋಪಿನಲ್ಲಿ 681 ಜನರ ಮೇಲೆ ಬೆಲ್ಟ್ ಮತ್ತು ವಿಟ್ರೆಕ್ಟಮಿಯನ್ನು ಹೋಲಿಸಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಸ್ವಂತ ಲೆನ್ಸ್ ಇದ್ದವರಲ್ಲಿ ಬೆಲ್ಟ್ ಹಾಕಿದವರ ದೃಷ್ಟಿ ಚೆನ್ನಾಗಿತ್ತು. ಪೊರೆ ತೆಗೆಸಿದವರಲ್ಲಿ ವಿಟ್ರೆಕ್ಟಮಿಯಿಂದ ಪರದೆ ಚೆನ್ನಾಗಿ ಕೂತಿತ್ತು. ಮೇಲಿನ ಪ್ರಶ್ನೆಯ ಹುಡುಗಿಗೂ ನಿಮ್ಮ ತಂದೆಗೂ ಕಾಯಿಲೆಯ ಹೆಸರು ಒಂದೇ. ಕಣ್ಣು ಬೇರೆ, ಹಾಗಾಗಿ ಆಪರೇಷನ್ನೂ ಬೇರೆ.

ಈಗ ಬೆಂಗಳೂರಿನ ಮಾತು. ಬೇಡ. ಈ ಆಪರೇಷನ್ ಮಂಗಳೂರಿನಲ್ಲೂ ಮಣಿಪಾಲದಲ್ಲೂ ಆಗುತ್ತದೆ. ದಾರಿಯಲ್ಲಿ ಹೋಗುವ ಒಂದು ರಾತ್ರಿಯಲ್ಲೇ ಮ್ಯಾಕ್ಯುಲಾ ಬಿಡಬಹುದು. ಇನ್ನೊಂದು ಕಾರಣ ನಮ್ಮ ಊರಿನದ್ದೇ: ಘಾಟಿ.

ಕಣ್ಣಲ್ಲಿ ಗ್ಯಾಸ್ ಇರುವಾಗ ಎತ್ತರಕ್ಕೆ ಹೋದರೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಒಳಗಿನ ಗ್ಯಾಸ್ ಹಿಗ್ಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಜೆಲ್ಲಿ ತೆಗೆದ ಮೇಲೆ ಕಣ್ಣೊಳಗೆ ಗ್ಯಾಸಿಗೆ ಸಿಗುವ ಜಾಗ ಸುಮಾರು ನಾಲ್ಕು ಮಿಲಿಲೀಟರ್. ಅದರಲ್ಲಿ ತುಂಬಿದ ಗ್ಯಾಸ್ ಹತ್ತನೇ ಒಂದು ಪಾಲು ಹಿಗ್ಗಿದರೆ ಕಣ್ಣಿನ ಒತ್ತಡ ಎಲ್ಲಿಗೆ ಹೋಗುತ್ತದೆ, ಯೋಚಿಸಿ.

ವರ್ಷಗಳ ಹಿಂದೆ ನನ್ನಿಂದಲೇ ಒಂದು ತಪ್ಪಾಯಿತು. ಬೆಳ್ತಂಗಡಿ ಕಡೆಯ ಒಬ್ಬರಿಗೆ ಗ್ಯಾಸ್ ಹಾಕಿ, “ವಿಮಾನ ಹತ್ತಬೇಡಿ” ಎಂದು ಎರಡು ಸಲ ಹೇಳಿ ಕಳಿಸಿದ್ದೆ. ಹತ್ತನೇ ದಿನ ಅವರು ಮದುವೆಗೆಂದು ಕಾರಿನಲ್ಲಿ ಚಾರ್ಮಾಡಿ ಹತ್ತಿದರು. ಕೊಟ್ಟಿಗೆಹಾರ ಬರುವಷ್ಟರಲ್ಲಿ ಕಣ್ಣು ಸಿಡಿಯುವಂಥ ನೋವು, ವಾಂತಿ, ಕಣ್ಣು ಪೂರ್ತಿ ಕತ್ತಲು. ಅವರ ಮಗ ಬುದ್ಧಿವಂತ. ನನಗೆ ಫೋನ್ ಮಾಡಿ ಅಲ್ಲಿಂದಲೇ ಕಾರು ತಿರುಗಿಸಿದ. ಘಾಟಿ ಇಳಿದು ಉಜಿರೆ ತಲುಪುವಾಗ ನೋವು ಅರ್ಧಕ್ಕರ್ಧ ಇಳಿದಿತ್ತು. ಕಣ್ಣು ಉಳಿಯಿತು. “ಡಾಕ್ಟ್ರೇ, ನೀವು ವಿಮಾನ ಅಂದ್ರಿ, ಘಾಟಿ ಅನ್ನಲಿಲ್ಲ” ಎಂದರು ಅವರು. ಅವರ ಮಾತು ಸರಿಯಾಗಿತ್ತು. ಅಂದಿನಿಂದ ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆ, ಮಡಿಕೇರಿ ಎಂದು ಹೆಸರು ಹಿಡಿದೇ ಬರೆಯುತ್ತೇನೆ.

ಬೆಂಗಳೂರಿನಲ್ಲಿ ಗ್ಯಾಸ್ ಹಾಕಿಸಿಕೊಂಡು ಊರಿಗೆ ಇಳಿದು ಬಂದಿರಿ ಅಂದುಕೊಳ್ಳಿ. ವಾರದಲ್ಲಿ ತೋರಿಸಲು ಮತ್ತೆ ಘಾಟಿ ಹತ್ತಬೇಕಲ್ವಾ? ಬಸ್ಸಾದರೂ ರೈಲಾದರೂ ಏರುವ ಎತ್ತರ ಅದೇ. ಹಾಗಾಗಿ ಗ್ಯಾಸ್ ಹಾಕಿಸುವುದಿದ್ದರೆ, ಅದು ಕರಗುವವರೆಗೆ ಘಾಟಿ ದಾಟದೆ ತೋರಿಸಬಹುದಾದ ಕಡೆ ಹಾಕಿಸಿ.

ಪ್ರಶ್ನೆ: ಬರೀ ಗ್ಯಾಸ್ ಇಂಜೆಕ್ಷನ್ನಲ್ಲೇ ಪರದೆ ಕೂರಿಸಬಹುದಂತೆ, ಥಿಯೇಟರೇ ಬೇಡವಂತೆ. ನಿಜವಾ? (ಸುರತ್ಕಲ್)

ನಿಜ, ಆದರೆ ಎಲ್ಲರಿಗೂ ಅಲ್ಲ. ತೂತು ಒಂದೇ ಇರಬೇಕು ಅಥವಾ ಹತ್ತಿರ ಹತ್ತಿರ ಇರಬೇಕು, ಕಣ್ಣಿನ ಮೇಲ್ಭಾಗದಲ್ಲೇ ಇರಬೇಕು. ಸಣ್ಣ ಸೂಜಿಯಲ್ಲಿ ಗ್ಯಾಸ್ ಹಾಕಿ, ಕ್ರಯೋ ಅಥವಾ ಲೇಸರ್ ಕೊಟ್ಟು, ತಲೆಯನ್ನು ಹೇಳಿದ ಕೋನದಲ್ಲಿ ಇಟ್ಟುಕೊಳ್ಳಲು ಹೇಳುತ್ತೇವೆ. ಕೆನಡಾದ ಟೊರೊಂಟೊದಲ್ಲಿ 176 ಜನರಲ್ಲಿ ಇದನ್ನು ವಿಟ್ರೆಕ್ಟಮಿ ಜೊತೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಮೊದಲ ಪ್ರಯತ್ನದಲ್ಲೇ ಪರದೆ ಕೂತು ಒಂದು ವರ್ಷ ನಿಂತದ್ದು ಗ್ಯಾಸಿನಲ್ಲಿ ಶೇ. 80.8, ವಿಟ್ರೆಕ್ಟಮಿಯಲ್ಲಿ ಶೇ. 93.2. ಇಷ್ಟೇ ನೋಡಿದರೆ ವಿಟ್ರೆಕ್ಟಮಿ ಗೆದ್ದಿತು ಅನ್ನಬೇಕು. ಆದರೆ ಓದುವ ಚಾರ್ಟಿನಲ್ಲಿ ಗ್ಯಾಸಿನವರು ಸುಮಾರು ಐದು ಅಕ್ಷರ ಜಾಸ್ತಿ ಓದಿದರು, ಗೆರೆಗಳು ಸೊಟ್ಟಗೆ ಕಾಣುವುದೂ ಅವರಲ್ಲಿ ಕಡಿಮೆ. ಪರದೆ ಕೂರುವುದು ಬೇರೆ, ಅದು ಸುಕ್ಕಿಲ್ಲದೆ ಇದ್ದ ಜಾಗದಲ್ಲೇ ಕೂರುವುದು ಬೇರೆ.

ನನ್ನ ಅನುಭವದಲ್ಲಿ ಇದು ನಿಲ್ಲುವುದು ಬೀಳುವುದು ತಲೆ ಇಟ್ಟುಕೊಳ್ಳುವುದರ ಮೇಲೆ. ಕುತ್ತಿಗೆ ನೋವು ಇದ್ದವರಿಗೆ, ಮರುದಿನ ಮತ್ತು ಆಮೇಲೂ ಬಂದು ತೋರಿಸಲು ಆಗದವರಿಗೆ ಬೇಡ. ಐವರಲ್ಲಿ ಒಬ್ಬರಿಗೆ ಆಮೇಲೆ ಥಿಯೇಟರ್ ಬೇಕಾಗಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಪ್ರಶ್ನೆ: ಯಜಮಾನರಿಗೆ ಒಮ್ಮೆ ವಿಟ್ರೆಕ್ಟಮಿ ಆಗಿ ಪರದೆ ಮತ್ತೆ ಬಿಟ್ಟಿದೆ, ಸುಕ್ಕುಗಟ್ಟಿದೆ ಅಂದಿದ್ದಾರೆ. ಈ ಸಲ ಎಣ್ಣೆ ಹಾಕುತ್ತಾರಂತೆ. ಮೂರು ವಾರದಲ್ಲಿ ಅವರು ದುಬೈಗೆ ಕೆಲಸಕ್ಕೆ ವಾಪಸ್ ಹೋಗಬೇಕು. ಗ್ಯಾಸ್ ಒಳ್ಳೆಯದೋ, ಎಣ್ಣೆಯೋ? (ಪುತ್ತೂರು)

ಮೂರು ವಾರದಲ್ಲಿ ವಿಮಾನ ಹತ್ತಲೇಬೇಕು ಎಂದಾದರೆ ಉತ್ತರ ಅಲ್ಲೇ ಸಿಕ್ಕಿತು: ಎಣ್ಣೆ. ಸಿಲಿಕೋನ್ ಎಣ್ಣೆ ಎತ್ತರಕ್ಕೆ ಹಿಗ್ಗುವುದಿಲ್ಲ. ಬಜ್ಪೆಯಿಂದ ವಿಮಾನ ಹತ್ತಬಹುದು, ನಿಮ್ಮ ಸರ್ಜನ್ ನೋಡಿ ಒಪ್ಪಿದ ಮೇಲೆ. ಗ್ಯಾಸಾದರೆ ಎಸ್‌ಎಫ್6 ಸುಮಾರು ಎರಡು ವಾರ ಇರುತ್ತದೆ, ಸಿ3ಎಫ್8 ಆರರಿಂದ ಎಂಟು ವಾರ. ಸುಕ್ಕುಗಟ್ಟಿದ ಪರದೆಗೆ ಎರಡು ವಾರದ ಗ್ಯಾಸ್ ಸಾಲುವುದಿಲ್ಲ. ಅಮೆರಿಕದಲ್ಲಿ ಇದನ್ನೇ ಹೋಲಿಸಿದ ದೊಡ್ಡ ಅಧ್ಯಯನದ ಫಲಿತಾಂಶ 1992ರಲ್ಲಿ ಬಂತು. ಎಸ್‌ಎಫ್6ಗಿಂತ ಎಣ್ಣೆ ಮೇಲು, ಸಿ3ಎಫ್8 ಮತ್ತು ಎಣ್ಣೆ ಹೆಚ್ಚುಕಡಿಮೆ ಸಮ ಎಂದು ಕಂಡಿತು.

ಎಣ್ಣೆಯ ಕಷ್ಟ ಏನೆಂದರೆ ಅದು ತಾನಾಗಿ ಕರಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಅಷ್ಟು ದಿನ ಆ ಕಣ್ಣಿನ ನಂಬರೇ ಬೇರೆ ಇರುತ್ತದೆ, ಮಂಜು ಮಂಜು ಕಾಣುತ್ತದೆ. ಹೆದರಬೇಡಿ. ಹೆದರಬೇಕಾದದ್ದು ತೆಗೆಸಲು ಮರೆಯುವುದಕ್ಕೆ. ಗಲ್ಫಿಗೆ ಹೋದವರು “ಕಾಣ್ತದಲ್ಲ, ಮುಂದಿನ ರಜೆಗೆ ತೆಗೆಸುವ” ಎಂದು ಎರಡು ವರ್ಷ ಬಿಟ್ಟು ಬರುತ್ತಾರೆ. ಅಷ್ಟರಲ್ಲಿ ಎಣ್ಣೆ ಸಣ್ಣ ಸಣ್ಣ ಗುಳ್ಳೆಯಾಗಿ ಒಡೆದು ಕಣ್ಣಿನ ಒತ್ತಡ ಏರಿ ನರ ಹಾಳಾಗಿರುತ್ತದೆ. ಹೋಗುವ ಮೊದಲೇ ತೆಗೆಸುವ ತಿಂಗಳು ನಿಶ್ಚಯ ಮಾಡಿ, ವಾಪಸ್ ಟಿಕೆಟ್ ಮಾಡಿಸಿ ಹೋಗಲಿ. ಅಲ್ಲಿದ್ದಾಗ ತಿಂಗಳಿಗೊಮ್ಮೆ ಕಣ್ಣಿನ ಒತ್ತಡ ನೋಡಿಸಲಿ.

ಪ್ರಶ್ನೆ: ಒಂದು ಕಡೆ 23 ಗೇಜ್, ಇನ್ನೊಂದು ಕಡೆ 27 ಗೇಜ್ ಅಂದರು. 27ಕ್ಕೆ ದುಡ್ಡು ಜಾಸ್ತಿ. ಅದೇ ಮಾಡಿಸಬೇಕಾ? (ಮೂಡುಬಿದಿರೆ)

ಗೇಜ್ ನಂಬರ್ ದೊಡ್ಡದಾದಷ್ಟೂ ತೂತು ಸಣ್ಣದು. 1971ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮ್ಯಾಕೆಮರ್ ವಿಟ್ರೆಕ್ಟಮಿ ಶುರುಮಾಡಿದಾಗ ಉಪಕರಣ 17 ಗೇಜ್, ಒಂದೂವರೆ ಮಿಲಿಮೀಟರ್ ದಪ್ಪ. ಆಮೇಲೆ 20 ಗೇಜ್ ಬಂತು, 0.9 ಮಿಲಿಮೀಟರ್, ಹೊಲಿಗೆ ಬೇಕಿತ್ತು. 23 ಗೇಜ್ ಅಂದರೆ 0.6, 25 ಅಂದರೆ 0.5, 27 ಅಂದರೆ 0.4. ಹೊಲಿಗೆಯಿಂದ ಹೊಲಿಗೆ ಇಲ್ಲದ ಕಡೆಗೆ ಬಂದದ್ದು ದೊಡ್ಡ ಬದಲಾವಣೆ. ಅಲ್ಲಿಂದ ಮುಂದಿನ 0.1 ಮಿಲಿಮೀಟರಿಗಾಗಿ ಸಾಲ ಮಾಡಬೇಡಿ. ನಿಮ್ಮ ಸರ್ಜನ್ ಕೈಗೆ ಯಾವುದು ಪಳಗಿದೆಯೋ ಅದು ಒಳ್ಳೆಯದು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಮೊದಲು ವಿಚಾರಿಸಿ.

ಪ್ರಶ್ನೆ: ಅಮ್ಮನಿಗೆ 18 ವರ್ಷದಿಂದ ಶುಗರ್. ಒಂದು ಕಣ್ಣಲ್ಲಿ ರಕ್ತ ತುಂಬಿದೆ. ಇಂಜೆಕ್ಷನ್ ಕೊಟ್ಟು ಕಾಯುವುದೋ, ವಿಟ್ರೆಕ್ಟಮಿ ಮಾಡಿಸಿಬಿಡುವುದೋ? (ಬಂಟ್ವಾಳ)

ಮೊದಲು ಸ್ಕ್ಯಾನ್ ಮಾಡಿಸಿ. ರಕ್ತದ ಹಿಂದೆ ಪರದೆಯನ್ನು ಎಳೆಯುವ ನಾರಿನ ಪದರ ಇದೆಯಾ, ಮ್ಯಾಕ್ಯುಲಾ ಎದ್ದಿದೆಯಾ ಎಂದು ನೋಡಬೇಕು. ಎಳೆತ ಜೋರಾಗಿದ್ದರೆ ಬರೀ ಇಂಜೆಕ್ಷನ್ (ಕಣ್ಣೊಳಗಿನ ಕೆಟ್ಟ ರಕ್ತನಾಳಗಳನ್ನು ಕುಗ್ಗಿಸುವ ಮದ್ದು) ಮೇಲೆ ಕೂರಬಾರದು. ಇಂಜೆಕ್ಷನ್ ಆದ ಮೇಲೆ ಆ ನಾರು ಮುದುಡಿ ಇನ್ನೂ ಜೋರಾಗಿ ಎಳೆಯಬಹುದು. ಇಂಥವರಿಗೆ ಆಪರೇಷನ್ನಿಗೆ ಕೆಲವೇ ದಿನ ಮೊದಲು ಇಂಜೆಕ್ಷನ್ ಕೊಡುತ್ತೇವೆ, ರಕ್ತ ಕಡಿಮೆ ಸುರಿಯಲಿ ಎಂದು.

ಎಳೆತ ಇಲ್ಲ, ಬರೀ ರಕ್ತ ಎಂದಾದರೆ ಎರಡೂ ದಾರಿ ಸರಿ. 2020ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ 205 ಕಣ್ಣುಗಳನ್ನು ಹೀಗೆ ಎರಡು ಗುಂಪು ಮಾಡಿದ್ದರು. ಆರು ತಿಂಗಳ ಲೆಕ್ಕದಲ್ಲಿ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವಿಟ್ರೆಕ್ಟಮಿಯವರಿಗೆ ಬೇಗ ಕಂಡಿತು. ಇಂಜೆಕ್ಷನ್ ಗುಂಪಿನಲ್ಲಿ ಮೂರರಲ್ಲಿ ಒಂದು ಪಾಲಿಗೆ ಎರಡು ವರ್ಷದೊಳಗೆ ವಿಟ್ರೆಕ್ಟಮಿ ಬೇಕೇ ಆಯಿತು.

ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಅಮ್ಮನ ಇನ್ನೊಂದು ಕಣ್ಣು ಹೇಗಿದೆ? ಅದೂ ಕಾಣದಿದ್ದರೆ ತಿಂಗಳುಗಟ್ಟಲೆ ಕಾಯಿಸಬಾರದು, ವಿಟ್ರೆಕ್ಟಮಿ ಮಾಡಿಸಿ. ಪ್ರತಿ ತಿಂಗಳು ಅವರನ್ನು ಕರೆದುಕೊಂಡು ಬರಲು ಮನೆಯಲ್ಲಿ ಜನ ಇದ್ದಾರಾ? ಇಂಜೆಕ್ಷನ್ ದಾರಿ ಹಿಡಿದು ನಡುವೆ ಬಿಟ್ಟವರ ಕಣ್ಣು ತುಂಬಾ ಕೆಟ್ಟದಾಗುತ್ತದೆ. ಜೂನ್–ಜುಲೈ ಮಳೆಯಲ್ಲಿ ಎರಡು ತಿಂಗಳು ತಪ್ಪಿಸಿ, ನಾಗರಪಂಚಮಿ ಕಳೆದು ಬಂದವರ ಕಣ್ಣಲ್ಲಿ ಪರದೆ ಪೂರ್ತಿ ಎದ್ದು ನಿಂತದ್ದನ್ನು ನೋಡಿದ್ದೇನೆ. ಬರಲು ಆಗುವುದಿಲ್ಲ ಎಂದು ಗೊತ್ತಿದ್ದರೆ ಡಾಕ್ಟರ ಹತ್ತಿರ ಅದನ್ನು ನಾಚಿಕೆಪಡದೆ ಹೇಳಿ. ಅದನ್ನು ಕೇಳಿದ ಮೇಲೆ ಆಯ್ಕೆಯೇ ಬದಲಾಗಬಹುದು.

ಪ್ರಶ್ನೆ: ನನಗೆ ಮ್ಯಾಕ್ಯುಲಾದಲ್ಲಿ ತೂತು. ವಿಟ್ರೆಕ್ಟಮಿ ಮಾಡಿ ಗ್ಯಾಸ್ ಹಾಕಿದ ಮೇಲೆ ಒಂದು ವಾರ ಮುಖ ಕೆಳಗೆ ಹಾಕಿಯೇ ಇರಬೇಕಂತೆ. ಟೈಲರ್ ಕೆಲಸ ನನ್ನದು. ಸಾಧ್ಯವಾ? (ಕಾರ್ಕಳ)

ಸಾಧ್ಯ. ಈ ತೂತು ಪರದೆಯ ನಟ್ಟನಡುವೆ, ಕಣ್ಣಿನ ಹಿಂದಿನ ಗೋಡೆಯಲ್ಲಿ ಇರುತ್ತದೆ. ಮುಖ ಕೆಳಗೆ ಮಾಡಿದಾಗ ಮಾತ್ರ ಗ್ಯಾಸ್ ತೇಲಿ ಅಲ್ಲಿಗೆ ಒತ್ತುತ್ತದೆ. 1991ರಲ್ಲಿ ಈ ಆಪರೇಷನ್ ಮೊದಲು ವರದಿಯಾದಾಗ ಶೇ. 58ರಷ್ಟು ತೂತುಗಳು ಮುಚ್ಚಿದ್ದವು. ಈಗ ನೀಲಿ ಬಣ್ಣ ಹಾಕಿ, ಪರದೆಯ ಮೇಲಿನ ಅತಿ ತೆಳು ಪದರವನ್ನು ಸುಲಿದು ತೆಗೆಯುತ್ತೇವೆ. ಸಣ್ಣ ತೂತುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಮುಚ್ಚುತ್ತವೆ. ತೂತು ಸಣ್ಣದಿದ್ದರೆ ಮೂರ್ನಾಲ್ಕು ದಿನ ಸಾಕು ಅನ್ನುವ ಸರ್ಜನ್‌ಗಳೂ ಇದ್ದಾರೆ. ನಿಮ್ಮ ತೂತಿನ ಅಳತೆ ಎಷ್ಟು ಎಂದು ಕೇಳಿಕೊಳ್ಳಿ.

ಹೊಲಿಗೆ ಮೆಷಿನ್ ಮುಂದೆ ತಲೆ ತಗ್ಗಿಸಿ ಕೂತು ನಿಮಗೆ ಅಭ್ಯಾಸ ಇದೆ, ಆದರೆ ಆ ವಾರ ಹೊಲಿಯಬೇಡಿ. ನನ್ನ ರೋಗಿಯೊಬ್ಬರ ಮಗ ಬಡಗಿ. ಬೆಂಚಿನ ತುದಿಯಲ್ಲಿ ಮುಖ ಇಡುವಷ್ಟು ಅಗಲಕ್ಕೆ ಹಲಗೆ ಕೊರೆದು, ಅಂಚಿಗೆ ಹತ್ತಿಯ ಬಟ್ಟೆ ಸುತ್ತಿ ಅಪ್ಪನಿಗೆ ಮಾಡಿಕೊಟ್ಟಿದ್ದ. ಅಪ್ಪ ಬೋರಲು ಮಲಗಿ, ಕೆಳಗೆ ನೆಲದ ಮೇಲೆ ಮೊಬೈಲ್ ಇಟ್ಟುಕೊಂಡು, ಆಪರೇಷನ್ ಆಗದ ಕಣ್ಣಲ್ಲಿ ಯಕ್ಷಗಾನ ನೋಡುತ್ತಾ ಏಳು ದಿನ ಕಳೆದರು. ಗಂಟೆಗೆ ಐದು ನಿಮಿಷ ಎದ್ದು ಓಡಾಡಿ, ಊಟ ಮಾಡಿ, ಬಚ್ಚಲಿಗೆ ಹೋಗಿ. ಮಲಗಿದಾಗ ಅಂಗಾತ ಬೇಡ. ಗ್ಯಾಸ್ ಇರುವಾಗ ಹಲ್ಲಿಗೋ ಬೇರೆ ಯಾವುದಕ್ಕೋ ಅರಿವಳಿಕೆ ಕೊಡುವುದಿದ್ದರೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಮೊದಲೇ ಹೇಳಿ, ನೈಟ್ರಸ್ ಆಕ್ಸೈಡ್ ಕೊಡಬಾರದು. ಮೊದಲ ದಿನಗಳಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಮೇಲಿನಿಂದ ಒಂದು ಗೆರೆ ಇಳಿಯುತ್ತದೆ, ಅದರ ಮೇಲೆ ತಿಳಿ, ಕೆಳಗೆ ಅಲುಗುವ ನೀರಿನ ಹಾಗೆ. ಅದು ಗ್ಯಾಸ್ ಕರಗುತ್ತಿರುವ ಗುರುತು. ಕೊನೆಗೆ ಸಣ್ಣ ಗುಳ್ಳೆಯಾಗಿ, ಒಂದು ಬೆಳಿಗ್ಗೆ ಎದ್ದಾಗ ಇರುವುದಿಲ್ಲ.